ಟಿವಿಯ ಎರಡೂ ಕಡೆ ಬರುವ ಕಪ್ಪು ಪಟ್ಟಿ ಬಗ್ಗೆ ನಮ್ಮ ಕೇಬಲ್ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಈ ತಿಂಗಳ 1ನೇ ತಾರೀಖಿನಿಂದ ನಮ್ಮ ಲೋಕಲ್ ಚಾನೆಲ್‌ನಲ್ಲಿ ಹಳೇ ಯಕ್ಷಗಾನ, ನಾಟಕ, ಜಾತ್ರೆಯ ರೆಕಾರ್ಡಿಂಗ್‌ಗಳನ್ನು ಅವು ಇದ್ದ ಅಳತೆಯಲ್ಲೇ ಕಳಿಸುತ್ತಿದ್ದೇವೆ. ಅಂದರೆ 4:3, ಅಗಲ 4 ಪಾಲಾದರೆ ಎತ್ತರ 3 ಪಾಲು. ಈಗಿನ ಟಿವಿಗಳೆಲ್ಲ ಅದಕ್ಕಿಂತ ಅಗಲವಾದ 16:9, ಹಾಗಾಗಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಕಾಣುತ್ತದೆ. ಸಿಗ್ನಲ್ ಸರಿಯಾಗೇ ಇದೆ. ನಿಮ್ಮ ಬಾಕ್ಸೂ ಕೆಟ್ಟಿಲ್ಲ, ಟಿವಿಯೂ ಕೆಟ್ಟಿಲ್ಲ. ಇದರಿಂದ ಕಿರಿಕಿರಿ ಆದವರಲ್ಲಿ ಕ್ಷಮೆ ಕೇಳುತ್ತೇವೆ. ಆದರೆ ಮೊದಲಿನ ಹಾಗೆ ಚಿತ್ರವನ್ನು ಪರದೆ ತುಂಬ ಎಳೆದು ಕಳಿಸುವುದಕ್ಕೆ ಮನಸ್ಸಿಲ್ಲ.

ದಿನಾ ಬರುವ ಫೋನ್ ಒಂದೇ. "ದುಡ್ಡು ಕೊಟ್ಟು 43 ಇಂಚಿನ ಟಿವಿ ತಂದಿದ್ದೇವೆ, ನೀವು ಅರ್ಧ ಟಿವಿಯಲ್ಲಿ ತೋರಿಸ್ತೀರಿ. ಹಾಗಾದ್ರೆ ಬಿಲ್ಲೂ ಅರ್ಧ ತಗೊಳ್ಳಿ." ತಮಾಷೆಗೆ ಹೇಳಿದವರೂ ಇದ್ದಾರೆ, ನಿಜವಾಗಿ ಬಿಲ್ ತಡೆಹಿಡಿದವರೂ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದ ಉತ್ತರ.

ಅರ್ಧ ಅಲ್ಲ, ಮುಕ್ಕಾಲು. ಟೇಪ್ ಹಿಡಿದು ನೋಡಿ. 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂ.ಮೀ. ಅಗಲ. ಅದರಲ್ಲಿ 4:3 ಚಿತ್ರ 71 ಸೆಂ.ಮೀ. ಬರುತ್ತದೆ, ಒಂದೊಂದು ಬದಿಗೆ 12 ಸೆಂ.ಮೀ. ಕಪ್ಪು. ಇದೇ ಯಕ್ಷಗಾನದ ಆಟವನ್ನು ನೀವು ಹಳೇ 21 ಇಂಚಿನ ಡಬ್ಬಾ ಟಿವಿಯಲ್ಲಿ ನೋಡುತ್ತಿದ್ದಾಗ ಚಿತ್ರದ ಅಗಲ 43 ಸೆಂ.ಮೀ. ಮಾತ್ರ. ಊರಲ್ಲಿ ಒಬ್ಬಿಬ್ಬರ ಮನೆಯಲ್ಲಿದ್ದ 29 ಇಂಚಿನದರಲ್ಲೂ 59. ಹಾಗಿದ್ದ ಮೇಲೆ ನಾವು ಚಿತ್ರ ಸಣ್ಣ ಮಾಡಿದೆವು ಅನ್ನುವುದು ಹೇಗೆ?

ಎಳೆದರೆ ಏನಾಗುತ್ತದೆ ಅಂದರೆ, ಎತ್ತರ ಅಷ್ಟೇ ಇದ್ದು ಅಗಲ ಮಾತ್ರ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ. ಚಂಡೆ ಪೀಪಾಯಿ ಥರ ಕಾಣುತ್ತದೆ. ಎತ್ತರದ ವೇಷಧಾರಿ ಕುಳ್ಳಗಾಗುತ್ತಾನೆ, ಕುಣಿಯುತ್ತಾ ತಿರುಗಿದರೆ ಭುಜ ಅಗಲ ಆಗಿ ಕಿರಿದಾಗುತ್ತದೆ. ಝೂಮ್ ಒತ್ತಿದರೆ ಆಕಾರ ಸರಿ ಇರುತ್ತದೆ, ಆದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಮೇಲೆ ತಲೆಗೆ ಕಟ್ಟಿದ ಕೇದಗೆ ಮುಂದಲೆಯ ತುದಿ ಇಲ್ಲ, ಕೆಳಗೆ ಗೆಜ್ಜೆ ಕಟ್ಟಿದ ಕಾಲೇ ಇಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಕಾಲು ಬಿಟ್ಟು ನೋಡುವುದು ಏನನ್ನು? ಇಷ್ಟು ವರ್ಷ ಎಳೆದೇ ಕಳಿಸುತ್ತಿದ್ದೆವು, ಯಾಕಂದ್ರೆ ಫುಲ್ ಸ್ಕ್ರೀನ್ ಬೇಕು ಅಂತ ನೀವೇ ಕೇಳಿದ್ದಿರಿ. ಹಳೇ ಕಲಾವಿದರ ಮನೆಯವರು ಬಂದು "ನಮ್ಮಪ್ಪ ಹೀಗಿರಲಿಲ್ಲ" ಅಂದ ಮೇಲೆ ನಮಗೂ ಸಾಕೆನಿಸಿತು.

ಇದು ಎಚ್‌ಡಿ ಪ್ಯಾಕ್ ಮಾರುವ ಉಪಾಯ ಅಂತ ಒಂದು ಮಾತು ಓಡಾಡುತ್ತಿದೆ. ಲೋಕಲ್ ಚಾನೆಲ್‌ಗೆ ಎಚ್‌ಡಿಯೇ ಇಲ್ಲ, ಆ ಚಾನೆಲ್ಲಿಗೆ ನಿಮ್ಮ ಬಿಲ್ಲಿನಲ್ಲಿ ನಾವು ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಹೊಸ ಎನ್‌ಕೋಡರ್ (ಚಿತ್ರವನ್ನು ಕೇಬಲ್ಲಿಗೆ ಕಳಿಸುವ ಯಂತ್ರ) ಹಾಕಿದ್ದೂ ನಮ್ಮ ಕೈ ದುಡ್ಡಿನಿಂದಲೇ. ಇನ್ನು ಬಿಲ್ಲಿನ ಮಾತು. 2019ರ ಫೆಬ್ರವರಿಯಲ್ಲಿ ಟ್ರಾಯ್ (ಟಿವಿ, ಫೋನ್ ದರಗಳ ಮೇಲೆ ಕಣ್ಣಿಡುವ ಸರಕಾರಿ ಪ್ರಾಧಿಕಾರ) ಹೊಸ ದರ ಪದ್ಧತಿ ತಂದಾಗ 100 ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ ಹೆಚ್ಚೆಂದರೆ 130 ರೂಪಾಯಿ, 18% ಜಿಎಸ್‌ಟಿ ಸೇರಿ 153 ರೂ. 40 ಪೈಸೆ ಇತ್ತು. ಆ 130ರಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ನಮ್ಮಂಥ ಊರಿನ ಆಪರೇಟರ್‌ಗೆ ಬರುತ್ತಿದ್ದದ್ದು 45%, ಅಂದರೆ 58 ರೂಪಾಯಿ 50 ಪೈಸೆ. ಮಳೆ ಶುರುವಾಗುವ ಮುಂಚಿನ ಸಿಡಿಲಿಗೆ ಸುಡುವ ನೋಡ್ (ಸಿಗ್ನಲ್ ಹಂಚುವ ಪೆಟ್ಟಿಗೆ), ತೆಂಗಿನ ಗರಿ ಬಿದ್ದು ತುಂಡಾಗುವ ವೈರ್, ರಸ್ತೆ ಅಗೆಯುವವರು ಕಿತ್ತೆಸೆಯುವ ಫೈಬರ್, ಹುಡುಗರ ಸಂಬಳ, ಪೆಟ್ರೋಲ್, ಎಲ್ಲಾ ನಮ್ಮ ಪಾಲಿನಲ್ಲೇ. ಪೇ ಚಾನೆಲ್ ರೇಟು ಏರಿದಾಗಲೂ ಬೈಸಿಕೊಳ್ಳುವುದು ಬಿಲ್ ಹಿಡಿದು ನಿಮ್ಮ ಜಗಲಿಗೆ ಬರುವ ಹುಡುಗನೇ!

ಅದಕ್ಕೇ ಎರಡನೇ ಬದಲಾವಣೆ. ಪಿಕ್ಚರ್ ಸೈಜ್ ಸರಿ ಮಾಡಲು ಹುಡುಗರು ಮನೆಗೆ ಬಂದರೆ ಮೊದಲ ಸಲ ಉಚಿತ, ಆಮೇಲೆ 50 ರೂಪಾಯಿ. ಹಿರಿಯರಷ್ಟೇ ಇರುವ ಮನೆಗೆ ಅದೂ ಇಲ್ಲ, ಮಕ್ಕಳು ಬೆಂಗಳೂರು, ದುಬೈ ಎಲ್ಲಿದ್ದರೂ ಚಿಂತೆ ಬೇಡ, ನಾವು ನೋಡಿಕೊಳ್ಳುತ್ತೇವೆ.

ನೀವೇ ಮಾಡುವುದಾದರೆ ಸೆಟ್ಟಿಂಗ್ ಎರಡು ಕಡೆ ಇದೆ ಅನ್ನುವುದು ನೆನಪಿರಲಿ. ಮೊದಲು ಬಾಕ್ಸ್ ರಿಮೋಟಿನಲ್ಲಿ ಮೆನುಗೆ ಹೋಗಿ ಟಿವಿ ಅಳತೆ 16:9 ಇಡಿ, ಕೆಳಗೆ 'ಆಟೋ' ಅಥವಾ 'ಪಿಲ್ಲರ್ ಬಾಕ್ಸ್' ಇದ್ದರೆ ಅದನ್ನು ಆರಿಸಿ. ಆಮೇಲೆ ಟಿವಿ ರಿಮೋಟಿನಲ್ಲಿ 16:9. ಬಾಕ್ಸ್ 4:3ರಲ್ಲಿದ್ದು ಟಿವಿ 16:9ರಲ್ಲಿದ್ದರೆ ಎಲ್ಲಾ ಚಾನೆಲ್ಲೂ ಹಿಗ್ಗಿ ಕಾಣುತ್ತದೆ, ಮುಕ್ಕಾಲು ಪಾಲು ದೂರು ಇದೇ. ಸರಿಯಾಯಿತೋ ಇಲ್ಲವೋ ತಿಳಿಯಲು ಪರದೆ ಮೇಲೆ ಬೈಕಿನ ಚಕ್ರ ಬಂದಾಗ ನೋಡಿ. ಗುಂಡಗಿರಬೇಕು, ಅಷ್ಟೇ.

ಕ್ರಿಕೆಟ್ ಸ್ಕೋರಿನ ಅಂಚು ಕತ್ತರಿಸಿದರೆ ಟಿವಿ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಹುಡುಕಿ. ಸಿನಿಮಾಸ್ಕೋಪ್ ಚಿತ್ರಕ್ಕೆ ಮೇಲೆ ಕೆಳಗೆ ಪಟ್ಟಿ ಬರುವುದು ಸಹಜ, ಅದು 16:9ಕ್ಕಿಂತಲೂ ಅಗಲ. ನಾಲ್ಕೂ ಕಡೆ ಕಪ್ಪು ಬಂದರೆ ಮಾತ್ರ ಝೂಮ್ ಒತ್ತಿ, ಆಗ ಏನೂ ಕಳೆಯುವುದಿಲ್ಲ. ಸಾಮಾನ್ಯ ಎಲ್‌ಇಡಿ ಟಿವಿಗೆ ಕಪ್ಪು ಪಟ್ಟಿಯಿಂದ ಏನೂ ತೊಂದರೆ ಇಲ್ಲ. ಒಎಲ್‌ಇಡಿ ಇದ್ದವರು ಮಾತ್ರ ದಿನವಿಡೀ 4:3 ಚಿತ್ರವನ್ನೇ ಹಾಕಿಡಬೇಡಿ.

ಇಷ್ಟು ಹೇಳಿದ ಮೇಲೂ ನಿಮ್ಮ ಮನೆಯಲ್ಲಿ ಫುಲ್ ಸ್ಕ್ರೀನೇ ಬೇಕಿದ್ದರೆ ಟಿವಿ ರಿಮೋಟಿನಲ್ಲಿ ನೀವೇ ಎಳೆದುಕೊಳ್ಳಬಹುದು, ನಮ್ಮ ತಕರಾರಿಲ್ಲ. ಈ ಶನಿವಾರ ರಾತ್ರಿ 9ಕ್ಕೆ ಹಳೇ ವಿಎಚ್‌ಎಸ್ ಕ್ಯಾಸೆಟ್ಟಿನಿಂದ ತೆಗೆದ ಇಡೀ ರಾತ್ರಿಯ ಆಟ ಇದೆ. ಸೆಟ್ಟಿಂಗ್‌ಗೆ ಹುಡುಗರು ಬೇಕಿದ್ದವರು ಶುಕ್ರವಾರ ಸಂಜೆಯೊಳಗೆ ರಸೀದಿಯಲ್ಲಿರುವ ನಂಬರಿಗೆ ಹೇಳಿ. ಶನಿವಾರ ಆಟ ಶುರುವಾದ ಮೇಲೆ ಕರೆದರೆ ಯಾರೂ ಬರುವುದಿಲ್ಲ, ಅವರೂ ಆಟ ನೋಡುತ್ತಿರುತ್ತಾರೆ.

ಇಂತಿ,
ನಿಮ್ಮ ಕೇಬಲ್‌ನವರು