ಮಂಜಾ, ಇಲ್ಲೂ ಒಂದು ಮಿಲ್ಲಿನ ಊರಿದೆ

ಪ್ರೀತಿಯ ಮಂಜಾ,

ನಾನೀಗ ರಷ್ಯಾದ ಇವಾನೊವೊದಲ್ಲಿದ್ದೇನೆ. ಮಾಸ್ಕೋದಿಂದ ಈಶಾನ್ಯಕ್ಕೆ ಸುಮಾರು 250 ಕಿಲೋಮೀಟರ್. ಅಕ್ಕನ ಮಗಳು ಇಲ್ಲಿ ಮೆಡಿಕಲ್ ಓದುತ್ತಿದ್ದಾಳಲ್ಲ, ಅವಳನ್ನು ನೋಡಿಕೊಂಡು ಹೋಗೋಣ ಅಂತ ಬಂದೆ. ಅವಳು ಕ್ಲಾಸಿಗೆ ಹೋದಮೇಲೆ ನಾನು ಸುಮ್ನೆ ಊರು ಸುತ್ತುತ್ತೇನೆ. ಮೂರು ದಿನದಿಂದ ನಿಮ್ಮ ಅಪ್ಪಾಜಿಯೇ ನೆನಪಾಗುತ್ತಿದ್ದಾರೆ. ಅದಕ್ಕೇ ಈ ಪತ್ರ.

ಇದು ಮಿಲ್ಲಿನ ಊರು ಕಣೋ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಹಾಗೆ ಇದನ್ನು ರಷ್ಯಾದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಊವೊದ್ ಅಂತ ನದಿ, ದೊಡ್ಡದೇನಲ್ಲ. ವೋಲ್ಗಾ ನೋಡಬೇಕಂದರೆ ಇಲ್ಲಿಂದ ಕಿನೇಷ್ಮಾ ಕಡೆ ಹೋಗಬೇಕು, ಅದೂ ಬಟ್ಟೆ ಮಿಲ್ಲಿನ ಊರೇ. ಆದರೆ ಈ ಸಣ್ಣ ನದಿಯೇ ಇವಾನೊವೊವನ್ನು ಸಾಕಿದ್ದು. ಬಣ್ಣ ಹಾಕಿದ ಬಟ್ಟೆಯನ್ನೆಲ್ಲ ಇದೇ ನೀರಲ್ಲಿ ಜಾಲಿಸುತ್ತಿದ್ದರು. ದಂಡೆಯ ಮೇಲೆ ಕೆಂಪು ಇಟ್ಟಿಗೆಯ ಹಳೇ ಮಿಲ್ಲುಗಳು. ಅಂಥ ಒಂದು ಗೋಡೆಯ ಪಕ್ಕ ನಡೆಯುವಾಗ ನಾವಿಬ್ಬರೂ ಅಪ್ಪಾಜಿಗೆ ಬುತ್ತಿ ತೆಗೆದುಕೊಂಡು ಹೋಗಿ ಗೇಟಿನ ಹತ್ತಿರ ಕಾಯುತ್ತಿದ್ದದ್ದು, ಅವರು ತಲೆ ತುಂಬ ಅರಳೆ ಅಂಟಿಸಿಕೊಂಡು ಹೊರಗೆ ಬರುತ್ತಿದ್ದದ್ದು ಕಣ್ಣ ಮುಂದೆ ಬಂತು.

ಇವರ ಕಥೆ ಕೇಳು. ಇವಾನೊವೊ ಮೊದಲು ಒಂದು ಹಳ್ಳಿ, ಶೆರೆಮೆಟೆವ್ ಅನ್ನುವ ದೊಡ್ಡ ಜಮೀನ್ದಾರಿ ಮನೆತನದ್ದು. ಜನ ಅವರ ಜೀತದವರು. ಮೊದಲು ಅಗಸೆ ನಾರಿನ ಬಟ್ಟೆ ನೇಯುತ್ತಿದ್ದರು, ಆಮೇಲೆ ಹತ್ತಿಗೆ ಬಂದರು. ಆ ಜೀತದವರಲ್ಲೇ ಕೆಲವರು ಬಟ್ಟೆ ನೇಯಿಸಿ, ಅಚ್ಚು ಹಾಕಿಸಿ, ವ್ಯಾಪಾರ ಮಾಡಿ, ದುಡ್ಡು ಕೂಡಿಟ್ಟು ಧಣಿಗೇ ಕೊಟ್ಟು ತಮ್ಮನ್ನು ತಾವು ಬಿಡಿಸಿಕೊಂಡರು. 1812ರಲ್ಲಿ ನೆಪೋಲಿಯನ್ ಬಂದಾಗ ಮಾಸ್ಕೋ ಸುಟ್ಟುಹೋಯಿತಲ್ಲ, ಅಲ್ಲಿನ ಬಟ್ಟೆ ಕಾರ್ಖಾನೆಗಳೂ ಹೋದವು, ವ್ಯಾಪಾರ ಈ ಕಡೆ ತಿರುಗಿತು.

ನಿನ್ನೆ ಇಡೀ ದಿನ ಕಳೆದದ್ದು ಬಟ್ಟೆಯ ಮ್ಯೂಸಿಯಂನಲ್ಲಿ. ಬುರಿಲಿನ್ ಅಂತ ಒಬ್ಬ ಮಿಲ್ ಮಾಲೀಕನ ಮನೆ ಅದು. ಒಂದು ಅಚ್ಚಿನ ಮುಂದೆ ನಿಂತುಬಿಟ್ಟೆ. ಎರಡು ಅಂಗೈ ಅಗಲದ ಮರದ ಹಲಗೆ, ಅದರಲ್ಲಿ ಹೂವು ಕೆತ್ತಿದ್ದಾರೆ. ಎಲೆಯ ನರ, ಸಾಸಿವೆಯಷ್ಟು ಚುಕ್ಕಿ, ಇಂಥ ಸೂಕ್ಷ್ಮ ಕೆಲಸ ಮರದಲ್ಲಿ ಬಾಳಿಕೆ ಬರುವುದಿಲ್ಲ ಅಂತ ಅಲ್ಲೆಲ್ಲ ಹಿತ್ತಾಳೆಯ ತಂತಿ, ಮೊಳೆ ಬಡಿದಿದ್ದಾರೆ. ಹಿಡಿದು ಹಿಡಿದು ಅಂಚು ನುಣುಪಾಗಿ ಕಪ್ಪಗಾಗಿದೆ. ಯಾರ ಕೈಯೋ ಏನೋ.

ಪಕ್ಕದ ಬಟ್ಟೆಯ ಮೇಲೆ ಏನಿತ್ತು ಗೊತ್ತಾ? ನಮ್ಮ ಸೀರೆ ಸೆರಗಿನ ಮಾವಿನಕಾಯಿ! ಅದೇ ಬಾಗಿದ ತುದಿ, ಅದೇ ಹೊಟ್ಟೆ. ಇವರು ಅದಕ್ಕೆ ತುರ್ಕಿ ಸೌತೆಕಾಯಿ ಅನ್ನುತ್ತಾರೆ. ಮಾವು ಬೆಳೆಯದ ನಾಡಲ್ಲಿ ಕಣ್ಣಿಗೆ ಕಂಡದ್ದು ಸೌತೆಕಾಯಿ, ಅಲ್ವಾ? ಇನ್ನೊಂದು ಖುಷಿಯ ವಿಷಯ. ಈ ಅಚ್ಚಿನ ಹತ್ತಿ ಬಟ್ಟೆಗೆ ರಷ್ಯನ್ನಿನಲ್ಲಿ ಸೀತೆಟ್ಸ್ ಅನ್ನುತ್ತಾರೆ. ಆ ಮಾತು ಡಚ್ಚರ ಬಾಯಿ ದಾಟಿ ಇಲ್ಲಿಗೆ ಬಂದದ್ದು ನಮ್ಮ ದೇಶದ ಛೀಟ್ ಅನ್ನುವ ಮಾತಿನಿಂದ. ನಮ್ಮಜ್ಜಿ ಹೇಳುತ್ತಿದ್ದಳಲ್ಲ, ಚೀಟಿ ಬಟ್ಟೆ ಅಂತ, ಅದೇ ಇದು!

1930ರ ಆಸುಪಾಸಿನ ಬಟ್ಟೆಗಳೂ ಇವೆ. ದೂರದಿಂದ ಹೂವು ಅನಿಸುತ್ತದೆ, ಹತ್ತಿರ ಹೋದರೆ ಟ್ರ್ಯಾಕ್ಟರ್, ವಿಮಾನ, ಕರೆಂಟ್ ಬಲ್ಬು. ಹೊಸ ಸರ್ಕಾರದ ಕನಸನ್ನೆಲ್ಲ ಬಟ್ಟೆಗೆ ತಂದಿದ್ದರು. ಬಿಡಿಸಿದವರ ಕೈ ಚೆನ್ನಾಗಿದೆ, ನನಗೆ ತುಂಬ ಇಷ್ಟವಾಯಿತು. ಆದರೆ ಜಾಸ್ತಿ ದಿನ ನಡೆಯಲಿಲ್ಲ. 1933ರಲ್ಲಿ ಕಮ್ಯುನಿಸ್ಟ್ ಪಕ್ಷದ್ದೇ ಪತ್ರಿಕೆಯಾದ ಪ್ರಾವ್ದಾ ಇದನ್ನು ಟೀಕಿಸಿತು, ಹೂವು ವಾಪಸ್ ಬಂತು.

ಇದನ್ನೆಲ್ಲ ನೇಯ್ದವರು ಬಹುಪಾಲು ಹೆಂಗಸರು. ಮಿಲ್ಲಿನ ಕೆಲಸಕ್ಕೆ ಅಂತ ಹುಡುಗಿಯರು ಬಂದು ಬಂದು ಇದಕ್ಕೆ ಮದುಮಗಳಂದಿರ ಊರು ಅಂತಲೇ ಹೆಸರು ಬಿತ್ತು. ಕೇಳೋಕೆ ಚಂದ. ಆದರೆ ಮಗ್ಗದ ಸದ್ದಿನಲ್ಲಿ ಪಾಳಿ ಮುಗಿಸಿ ಮನೆಗೆ ಹೋಗಿ ಒಲೆ ಹಚ್ಚಿದವರು ಅವರೇ. 1905ರ ಮೇ ತಿಂಗಳಲ್ಲಿ ಈ ಊರಿನ ಕೆಲಸಗಾರರು ಮುಷ್ಕರ ಹೂಡಿ 72 ದಿನ ನಿಂತರು. ತಾಲ್ಕಾ ಅನ್ನುವ ಇನ್ನೊಂದು ಸಣ್ಣ ನದಿಯ ದಂಡೆಯಲ್ಲಿ ಸಭೆ ಸೇರುತ್ತಿದ್ದರು. ಎಂಟು ಗಂಟೆ ಕೆಲಸ ಬೇಕು ಅಂತ ಕೇಳಿದರು. ಕೊಸಾಕ್ ಸೈನಿಕರು ಕುದುರೆ ನುಗ್ಗಿಸಿ ಹೊಡೆದರು. ನಿನ್ನೆ ಸಂಜೆ ಆ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ.

1991ರಲ್ಲಿ ಸೋವಿಯತ್ ಒಡೆದಾಗ ಹತ್ತಿ ಬರುತ್ತಿದ್ದ ಉಜ್ಬೇಕಿಸ್ತಾನ ಬೇರೆ ದೇಶವಾಯಿತು. ಮುಂದಿನದು ನಿನಗೆ ನಾನು ಹೇಳಬೇಕಾ? ಮಿಲ್ಲುಗಳು ಒಂದೊಂದಾಗಿ ನಿಂತವು, ಕೆಲವು ಮಾಲ್ ಆದವು. ಆದರೂ ಊರು ಬಟ್ಟೆ ಬಿಟ್ಟಿಲ್ಲ. ಇಲ್ಲಿನ ಬೆಡ್‌ಶೀಟು, ನೈಟಿ, ಟವೆಲ್ಲು ಇಡೀ ರಷ್ಯಾಕ್ಕೆ ಹೋಗುತ್ತವೆ. ಅಮ್ಮನಿಗೆ ಸಣ್ಣ ನೀಲಿ ಹೂವಿನ ಒಂದು ಬೆಡ್‌ಶೀಟು ತೆಗೆದುಕೊಂಡೆ, ನಿಮ್ಮ ಮನೆಗೂ ಒಂದು.

ಮಂಜಾ, ಒಂದು ಕೆಲಸ ಮಾಡು. ಇವರು ಮುರಿದ ಲಾಳಿಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೆಸರು ಬರೆದಿದ್ದಾರೆ. ನಮ್ಮ ಹತ್ತಿರ ಏನಿದೆ? ಅಪ್ಪಾಜಿಯ ಹಾಜರಿ ಕಾರ್ಡು, ಮಿಲ್ಲಿನ ಛಾಪು ಇದ್ದ ಆ ಒರಟು ಬಟ್ಟೆ ತುಂಡು ಟ್ರಂಕಿನಲ್ಲಿತ್ತಲ್ಲ, ಇನ್ನೂ ಇದೆಯಾ ನೋಡು. ಸಂಜೆ ಅವರ ಪಕ್ಕ ಕೂತು ಫೋನಿನಲ್ಲಿ ರೆಕಾರ್ಡ್ ಮಾಡು. ಹತ್ತಿ ಬೇಲು ಒಡೆಯುವುದರಿಂದ ಶುರು ಮಾಡಿಸು. ನೂಲು ಕಡಿದಾಗ ಮಗ್ಗ ನಿಲ್ಲಿಸದೆ ಗಂಟು ಹಾಕುತ್ತಿದ್ದೆ ಅಂತ ಬೆರಳು ಆಡಿಸಿ ತೋರಿಸುತ್ತಿದ್ದರಲ್ಲ, ಅದನ್ನು ವಿಡಿಯೋನೇ ಮಾಡು, ಬೆರಳು ಕಾಣುವ ಹಾಗೆ.

ಹದಿನೈದು ದಿನದಲ್ಲಿ ಬರುತ್ತೇನೆ. ಅಪ್ಪಾಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಶಿವು