ಪುಟ್ಟಿಗೆ, ಜ್ಯೂರಿ ಮುಗಿದ ಮೇಲೆ

ಪುಟ್ಟಿ,

ನಿನ್ನೆ ಸ್ಟೇಷನ್ನಿನಲ್ಲಿ ನೀನು ಆ ಕಡೆ ಮುಖ ಮಾಡಿಕೊಂಡೇ ರೈಲು ಹತ್ತಿದೆ. ಈಗ ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ 'ಹ್ಞೂಂ' ಅಂತ ಒಂದು ಬರುತ್ತದೆ, ಅಷ್ಟೇ. ಅದಕ್ಕೇ ಈ ಕಾಗದ. ಜಗಳದಲ್ಲಿ ಯಾರು ಏನಂದರು ಅನ್ನೋದು ಇಬ್ಬರಿಗೂ ಬಾಯಿಪಾಠ ಇದೆ, ಅದು ಬೇಡ. ಮೇಷ್ಟ್ರುಗಳು ಕೂತು ನಿಮ್ಮ ಪ್ರಾಜೆಕ್ಟ್ ನೋಡುವ ಆ ಜ್ಯೂರಿ ಮುಗಿದ ಮೇಲೆ 'ಆರ್ಕಿಟೆಕ್ಚರ್ ಬಿಟ್ಟುಬಿಡ್ತೀನಿ' ಅಂದೆಯಲ್ಲ, ಅದಕ್ಕೂ ಆಮೇಲೆ ಬರುತ್ತೇನೆ. ಮೊದಲು ಬೆರಳು.

ಎಡಗೈ ತೋರುಬೆರಳಿನ ಹೊಲಿಗೆ ಗುರುತನ್ನು ನಾನು ನೋಡಿದ್ದು ನೀನು ತಟ್ಟೆ ತೊಳೆಯುವಾಗ. ಕೇಳಿದರೆ 'ಮಾಡೆಲ್ ಮಾಡುವಾಗ ಎಲ್ಲರಿಗೂ ಆಗತ್ತಮ್ಮ' ಅಂದೆ. ಸ್ಟೀಲ್ ಸ್ಕೇಲಿನ ಅಂಚು ದಾಟಿ ಬೆರಳ ತುದಿ ಆಚೆ ಬಂದಿತ್ತು. ಮೌಂಟ್ ಬೋರ್ಡ್ ರಟ್ಟು ದಪ್ಪ, ಬ್ಲೇಡು ಮೊಂಡು. ಒತ್ತಿ ಎಳೆದೆ, ಜಾರಿತು. ಇದನ್ನೆಲ್ಲ ಯಾರದೋ ಕಥೆ ಹೇಳುವ ಹಾಗೆ ಹೇಳಿದೆ. ಎಷ್ಟು ಹೊತ್ತಿನಲ್ಲಿ ಅಂತ ಕೇಳಿದಾಗ ಮಾತ್ರ ಸುಮ್ಮನಾದೆ. ರಾತ್ರಿ ಮೂರೂವರೆ. ಅದರ ಹಿಂದಿನ ರಾತ್ರಿಯೂ ನಿದ್ದೆ ಇಲ್ಲ.

ಕಟ್ಟರಿನ ಬ್ಲೇಡಿಗೆ ಗೀರು ಹಾಕಿರುವುದೇ ಮೊಂಡಾದ ತುಂಡನ್ನು ಮುರಿದು ಬಿಸಾಕಲಿ ಅಂತ. ದಪ್ಪ ಬೋರ್ಡನ್ನು ಒಂದೇ ಏಟಿಗೆ ಕುಯ್ಯುವುದಿಲ್ಲ, ನಾಲ್ಕು ಸಲ ಹಗುರವಾಗಿ ಎಳೆಯಬೇಕು. ಇದನ್ನು ನಾನು ನಿನಗೆ ಹೇಳಿಕೊಡಬೇಕಾ? ಮೂರನೇ ವರ್ಷದಲ್ಲಿದ್ದೀಯ. ನಿನಗೆ ಎಲ್ಲ ಗೊತ್ತು. ಆದರೆ ಮೂರೂವರೆ ಗಂಟೆಗೆ ಗೊತ್ತಿರುವುದು ಯಾವುದೂ ಕೈಗೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬೆರಳಿಗಿಂತ ಜಾಸ್ತಿ ಭಯ ಆಗಿದ್ದು ಆಮೇಲೆ ನೀನು ಹೇಳಿದ ಮಾತಿಗೆ. ಕ್ಲಿನಿಕ್ಕಿನಿಂದ ಬಂದು, ಅದೇ ಕೈಯಲ್ಲಿ ಮಾಡೆಲ್ ಹಿಡಿದು, ನಕ್ಷೆ ಶೀಟುಗಳ ಟ್ಯೂಬ್ ಹೆಗಲಿಗೆ ಹಾಕಿ, ಗೆಳತಿಯ ಸ್ಕೂಟರಿನ ಹಿಂದೆ ಕೂತು ಕಾಲೇಜಿಗೆ ಹೋದೆಯಂತೆ. ಓಡಿಸಿದವಳೂ ಮಲಗಿರಲಿಲ್ಲ ಅಲ್ವಾ? ಬೆಂಗಳೂರಿನ ಬೆಳಗಿನ ಟ್ರಾಫಿಕ್. ಮಾಡೆಲ್ ಮುರಿಯಬಾರದು ಅಂತ ನೀನು ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದೆ, ಸ್ಕೂಟರನ್ನಲ್ಲ. ಆಫೀಸಿನಲ್ಲಿ ಫೈಲು ನೋಡುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಅದೇ ಕಣ್ಣ ಮುಂದೆ ಬರುತ್ತದೆ. ಹಂಪ್ ಬಂದಾಗ ಹೇಗೆ ಕೂತಿದ್ದೆ? ಹೆಲ್ಮೆಟ್ ಇತ್ತಾ? ಕೇಳಲು ನನಗೆ ಧೈರ್ಯ ಬರಲಿಲ್ಲ.

ನೀವೆಲ್ಲ ಅದಕ್ಕೆ 'ನೈಟ್ ಔಟ್' ಅನ್ನುತ್ತೀರಿ. ಯಾರು ಎಷ್ಟು ರಾತ್ರಿ ನಿದ್ದೆಗೆಟ್ಟರು ಅಂತ ಲೆಕ್ಕ ಹಾಕಿ ನಗುತ್ತೀರಿ. ಹಿಂದಿನ ದಿನ ಗೈಡು ಇಡೀ ಪ್ಲಾನ್ ಬದಲಾಯಿಸು ಅಂದರೆ ರಾತ್ರಿ ಕೂರದೆ ಏನು ಮಾಡೋದು ಅಂತ ನೀನು ಕೇಳಿದ್ದು ಸರಿ. ಆ ತಪ್ಪು ನಿನ್ನದಲ್ಲ. ಆದರೂ ಅದರಲ್ಲಿ ಹೆಮ್ಮೆ ಪಡುವುದು ಏನಿದೆ?

ಇನ್ನು ಜ್ಯೂರಿ. ಅಲ್ಲಿ ಕೂತವರು ನಿನ್ನ ಆಸ್ಪತ್ರೆ ಪ್ರಾಜೆಕ್ಟಿನಲ್ಲಿ 'ಈ ತಿರುವಿನಲ್ಲಿ ಸ್ಟ್ರೆಚರ್ ತಿರುಗತ್ತಾ' ಅಂತ ಕೇಳಿ, ಉತ್ತರಕ್ಕೂ ಕಾಯದೆ ಮುಂದಿನವಳ ಶೀಟಿಗೆ ಹೋದರಂತೆ. ಎಲ್ಲರ ಎದುರು ಹಾಗೆ ಮಾಡಬಾರದಿತ್ತು. ಪ್ರಶ್ನೆ ಮಾತ್ರ ಸರಿಯಾಗೇ ಇತ್ತು. ಇದನ್ನೇ ನಾನು ಊಟಕ್ಕೆ ಕೂತಾಗ ಅಂದಿದ್ದು, ನೀನು ತಟ್ಟೆ ಬಿಟ್ಟು ಎದ್ದಿದ್ದು. ಅನ್ನದ ಮುಂದೆ ಆ ಮಾತು ಬೇಡವಾಗಿತ್ತು, ಒಪ್ಪುತ್ತೇನೆ. ಆದರೆ ಅಜ್ಜಿಯನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋದವಳು ನೀನು. ನಿದ್ದೆ ಮಾಡಿದ್ದಿದ್ದರೆ ಆ ತಿರುವು ನಿನ್ನ ಕಣ್ಣಿಗೇ ಬೀಳುತ್ತಿತ್ತು.

ಮನೆ ಕಟ್ಟುವ ಪರವಾನಗಿ ಫೈಲುಗಳು ದಿನಾ ನನ್ನ ಮೇಜಿಗೆ ಬರುತ್ತವೆ. 30-40ರ ಸೈಟು ಅಂದರೆ ಎಲ್ಲದಕ್ಕೂ ಒಂದೇ ನಕ್ಷೆ, ಮಾಲೀಕರ ಹೆಸರು ಮಾತ್ರ ಬೇರೆ. ನಮ್ಮೂರಲ್ಲಿ ಆರ್ಕಿಟೆಕ್ಟ್ ಸೀಲು ಕಾಣುವುದೇ ಅಪರೂಪ. ವಾಸದ ಮನೆಯ ಮೆಟ್ಟಿಲು 190 ಮಿಲಿಮೀಟರಿಗಿಂತ ಎತ್ತರ ಇರಬಾರದು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಕಾಗದದ ಮೇಲೆ ಅದು ಸರಿಯಾಗೇ ಇರುತ್ತದೆ. ಗೃಹಪ್ರವೇಶಕ್ಕೆ ಹೋಗಿ ಹತ್ತಿದರೆ ಮಂಡಿ ಬೇರೆಯೇ ಲೆಕ್ಕ ಹೇಳುತ್ತದೆ. ಐದು ವರ್ಷ ಓದಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಮಾಡಿಸಿದರೂ ಕೆಲಸ ಇಂಜಿನಿಯರಿಗೇ ಹೋಗುತ್ತದೆ ಅಂತ ನೀನು ಹೇಳಿದ್ದು ಸುಳ್ಳಲ್ಲ. 1972ರ ಆರ್ಕಿಟೆಕ್ಟ್‌ಗಳ ಕಾಯ್ದೆ ಆರ್ಕಿಟೆಕ್ಟ್ ಅನ್ನೋ ಹೆಸರಿಗೆ ರಕ್ಷಣೆ ಕೊಡುತ್ತದೆಯೇ ಹೊರತು, ಆ ಕೆಲಸವನ್ನು ಬೇರೆಯವರು ಮಾಡಬಾರದು ಅನ್ನುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಸಂಬಳದ ವಿಷಯದಲ್ಲಿ ನಿನಗೆ ಸುಳ್ಳು ಧೈರ್ಯ ಹೇಳಲಾರೆ. ಮೊದಲ ಕೆಲವು ವರ್ಷ ಕಷ್ಟವೇ.

ಆದರೆ ಒಂದು ವಿಷಯ ನಿನಗೆ ಹೇಳಿಲ್ಲ. ಮೊದಲ ವರ್ಷ ನೀವೆಲ್ಲ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ ಬಂದಿರಲ್ಲ. ಆ ಕಲ್ಲುಗೋಡೆ, ಮೇಲೆ ತೊಲೆಗಳ ನಡುವೆ ಬಳ್ಳಿ, ನೆಲದ ಮೇಲೆ ಬೀಳುವ ಬಿಸಿಲಿನ ಪಟ್ಟೆ, ಎಲ್ಲವನ್ನೂ ರಾತ್ರಿ ಫೋನಿನಲ್ಲಿ ಬಿಡದೆ ಹೇಳಿದೆ. 'ಅಮ್ಮ, ಕಾರಿಡಾರ್ ಅಂದರೆ ಬರೀ ನಡೆದುಹೋಗೋ ಜಾಗ ಅಲ್ಲ, ಅಲ್ಲಿ ಜನ ನಿಲ್ತಾರೆ, ಮಾತಾಡ್ತಾರೆ' ಅಂದೆ. ಮಾರನೇ ದಿನ ನಮ್ಮ ಆಫೀಸಿನ ಕಾರಿಡಾರಿನಲ್ಲಿ ಖಾತೆಗೆ ಅಂತ ಬಂದ ಮುದುಕರು ಗೋಡೆಗೆ ಒರಗಿ ನಿಂತಿದ್ದು ಕಣ್ಣಿಗೆ ಬಿತ್ತು. ಎಷ್ಟೋ ವರ್ಷದಿಂದ ಹಾಗೇ ನಿಲ್ಲುತ್ತಿದ್ದರು. ಸಾಹೇಬರಿಗೆ ಹೇಳಿ ಕಿಟಕಿ ಪಕ್ಕ ಒಂದು ಬೆಂಚು ಹಾಕಿಸಿದೆ. ನನ್ನ ಮಗಳು ಹೇಳಿದ್ದು ಅಂತಲೂ ಹೇಳಿದೆ. ಈಗ ಅಲ್ಲಿ ಜಾಗ ಸಿಗುವುದಿಲ್ಲ.

ಆ ಐಐಎಂ ಕಟ್ಟಡ ಮಾಡಿದ ಬಾಲಕೃಷ್ಣ ದೋಶಿಯವರಿಗೆ ನಿಮ್ಮ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಬಂದಿದ್ದು 2018ರಲ್ಲಿ, 90ರ ವಯಸ್ಸಿನಲ್ಲಿ. ನಿನಗಿನ್ನೂ ಇಪ್ಪತ್ತೊಂದು. ನಿಧಾನವಾಗಿ ಕಲಿಯುವ ವಿದ್ಯೆ ಇದು, ಅವಸರ ಮಾಡಬಾರದು, ಹಿರಿಯರ ಮಾತನ್ನು ತಾಳ್ಮೆಯಿಂದ... ನೋಡು, ಭಾಷಣ ಶುರುವಾಯಿತು. ನಿಮ್ಮಪ್ಪ ಪಕ್ಕದಲ್ಲಿ ಕೂತು ನಗುತ್ತಿದ್ದಾರೆ. ಅವರದು ಒಂದೇ ಮಾತು: ಲ್ಯಾಪ್‌ಟಾಪ್ ಸಾಲ ತೀರಲಿಲ್ಲ ಅಂತ ಯೋಚನೆ ಮಾಡಿ ಕೋರ್ಸಿನಲ್ಲೇ ಇರುವುದು ಬೇಡ.

ನಾನು ಹೇಳುವುದು ಇಷ್ಟು. ಬಿಡುವುದಾದರೆ ನಿದ್ದೆ ಮಾಡಿ ಎದ್ದ ದಿನ ಯೋಚನೆ ಮಾಡಿ ಬಿಡು, ಜ್ಯೂರಿ ಮುಗಿದ ಸಂಜೆ ಬೇಡ. ಈ ಸೆಮಿಸ್ಟರ್ ಮುಗಿಸಿ ಬಾ, ಕೂತು ಮಾತಾಡೋಣ. ಆಗಲೂ ಬೇಡ ಅನ್ನಿಸಿದರೆ ನೆಂಟರಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ.

ಸಬ್‌ಮಿಷನ್ ದಿನ ಆಟೋದಲ್ಲಿ ಹೋಗಿ, ಇಬ್ಬರೂ. ಅದಕ್ಕೆ ಅಂತಲೇ ದುಡ್ಡು ಹಾಕಿದ್ದೇನೆ, ಶೀಟ್ ಪ್ರಿಂಟ್ ಹಾಕಿಸೋ ಪ್ಲಾಟಿಂಗ್‌ಗೆ ಖರ್ಚು ಮಾಡಿಬಿಡಬೇಡ. ಸ್ಕೂಟರ್ ಓಡಿಸಿದ ಹುಡುಗಿಗೂ ಈ ಕಾಗದ ಓದಲು ಕೊಡು. ಅವಳ ಅಮ್ಮನಿಗೂ ಏನೂ ಗೊತ್ತಿರಲಿಕ್ಕಿಲ್ಲ.

ಇಂತಿ,
ಅಮ್ಮ