ಚಿತ್ರದ ಕೆಳಗಿನ ಸಾಲು

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗಲೇ ಇಲ್ಲ. ನಿಮ್ಮ ಸುದ್ದಿಮನೆಯಲ್ಲಿ ಹೊಸ ಪ್ರವಾಹದ ಸುದ್ದಿಗೆ ಯಾವುದೋ ಹಳೆಯ ಪ್ರವಾಹದ ಫೋಟೋ ಹಾಕಿದರು. ನೀನು ಕೇಳಿದ್ದಕ್ಕೆ, 'ಕೆಳಗೆ ಸಾಂದರ್ಭಿಕ ಚಿತ್ರ ಅಂತ ಹಾಕಿದರಾಯ್ತು ಬಿಡು, ನೀರು ನೀರೇ ಅಲ್ವಾ' ಅಂದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದಕ್ಕಿಂತ ಜಾಸ್ತಿ ಮಾತಾಡೋಕೆ ನಿನಗೂ ಆಗಲಿಲ್ಲ. ನನಗೂ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಗ್ಯಾರೆತ್ ಜೋನ್ಸ್ ಅಂತ ಒಬ್ಬ ಪತ್ರಕರ್ತ ಇದ್ದ. ಬ್ರಿಟನ್ನಿನ ವೇಲ್ಸ್ ನಾಡಿನವನು. ಎರಡು ಮಹಾಯುದ್ಧಗಳ ನಡುವಿನ ಕಾಲದವನು. ಹುಟ್ಟಿದ್ದು 1905ರ ಆಗಸ್ಟ್ 13ರಂದು, ಕಡಲ ದಂಡೆಯ ಬ್ಯಾರಿ ಎಂಬ ಊರಿನಲ್ಲಿ. ಅಪ್ಪ ಎಡ್ಗರ್ ಆ ಊರಿನ ಶಾಲೆಯ ಮುಖ್ಯೋಪಾಧ್ಯಾಯ. ಅವನ ಬದುಕಿಗೆ ಸೇರಿದ ಹಳೆಯ ಫೋಟೋಗಳನ್ನು ಈಚೆಗೆ ಬಿಡದೆ ನೋಡುತ್ತಿದ್ದೇನೆ. ದುಂಡು ಕನ್ನಡಕ, ಒಪ್ಪವಾಗಿ ಬಾಚಿದ ಕೂದಲು, ಕೋಟು, ಟೈ. ನೋಡಿದರೆ ಈಗಷ್ಟೇ ಕಾಲೇಜು ಮುಗಿಸಿದ ಹುಡುಗ ಅನ್ನಿಸುತ್ತದೆ.

ಅವನ ಕತೆ ಶುರುವಾಗುವುದು ಅವನ ಅಮ್ಮನಿಂದ. ವೇಲ್ಸ್‌ನ ಜಾನ್ ಹ್ಯೂಸ್ ಎಂಬಾತ ಉಕ್ರೇನಿನ ಬಯಲಿಗೆ ಹೋಗಿ 1870ರ ಸುಮಾರಿಗೆ ಕಬ್ಬಿಣದ ಕಾರ್ಖಾನೆ ಕಟ್ಟಿದ. ಅದರ ಸುತ್ತ ಬೆಳೆದ ಊರಿಗೆ ಅವನದೇ ಹೆಸರು ಬಂತು, ಹ್ಯೂಸೊವ್ಕಾ ಅಂತ. ಇವತ್ತು ಯುದ್ಧದ ಸುದ್ದಿಯಲ್ಲಿ ನೀನು ಓದುವ ಡೊನೆಟ್ಸ್ಕ್ ಅದೇ ಊರು. ಗ್ಯಾರೆತ್‌ನ ಅಮ್ಮ ಆನಿ ಗ್ವೆನ್ ಮದುವೆಗೆ ಮೊದಲು, 1889ರಿಂದ 1892ರವರೆಗೆ, ಹ್ಯೂಸ್‌ನ ಮೊಮ್ಮಕ್ಕಳಿಗೆ ಅಲ್ಲಿ ಪಾಠ ಹೇಳುತ್ತಿದ್ದಳು. ಆ ಕಾಲದಲ್ಲಿ ಒಬ್ಬಳು ಹೆಣ್ಣುಮಗಳು ಅಷ್ಟು ದೂರ ಹೋಗಿ ಕೆಲಸ ಮಾಡಿದ್ದು ಯೋಚಿಸಿದರೆ ನನಗೆ ಹೆಮ್ಮೆ ಆಗುತ್ತದೆ. ಕಾರ್ಡಿಫ್‌ನ ಗ್ಲಾಮೋರ್ಗನ್ ದಾಖಲೆ ಸಂಗ್ರಹದಲ್ಲಿ ಹ್ಯೂಸೊವ್ಕಾದ್ದೇ ಒಂದು ವಿಭಾಗ ಇದೆ. ಆ ಕಾರ್ಖಾನೆಯ, ಅಲ್ಲಿ ನೆಲೆಸಿದ್ದ ವೇಲ್ಸ್ ಕುಟುಂಬಗಳ ಫೋಟೋಗಳು ಅದರಲ್ಲಿವೆ.

ಮಗ ಅಮ್ಮನ ಬಾಯಲ್ಲಿ ಆ ನಾಡಿನ ಕತೆ ಕೇಳುತ್ತಲೇ ಬೆಳೆದ. ಆ ಊರನ್ನು ನೋಡಬೇಕು ಅಂತಲೇ ರಷ್ಯನ್ ಕಲಿತ. ಅಬೆರಿಸ್ಟ್‌ವಿತ್‌ನಲ್ಲಿ ಓದಿದ, ಆಮೇಲೆ ಕೇಂಬ್ರಿಡ್ಜ್‌ನಲ್ಲಿ. ಫ್ರೆಂಚ್, ಜರ್ಮನ್, ರಷ್ಯನ್ ಮೂರನ್ನೂ ಚೆನ್ನಾಗಿ ಬಲ್ಲವನಾಗಿದ್ದ. 1930ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಲಾಯ್ಡ್ ಜಾರ್ಜ್‌ಗೆ ವಿದೇಶ ವ್ಯವಹಾರದ ಸಲಹೆಗಾರನಾದ. ಅದೇ ವರ್ಷ ಹ್ಯೂಸೊವ್ಕಾಗೂ ಹೋಗಿ ಬಂದ. ಆಗ ಉಕ್ರೇನ್ ಸೋವಿಯತ್ ಒಕ್ಕೂಟದ ಭಾಗ, ಊರಿನ ಹೆಸರು ಸ್ಟಾಲಿನೊ ಆಗಿತ್ತು. ಅಲ್ಲಿಂದ ಬರ್ಲಿನ್‌ಗೆ ಬಂದವನೇ ಮನೆಗೆ ಕಾಗದ ಬರೆದ. ರಷ್ಯಾದಿಂದ ಹೊರಗೆ ಬಂದದ್ದೇ ದೊಡ್ಡ ಖುಷಿ ಅನ್ನುವಂಥ ಕಾಗದ ಅದು. ಅಮ್ಮ ಹೇಳಿದ್ದ ಊರಿನಲ್ಲಿ ಅವನು ಕಂಡದ್ದು ಹಸಿವು.

1933ರ ಫೆಬ್ರುವರಿಯನ್ನು ನೋಡು. ಹಿಟ್ಲರ್ ಚಾನ್ಸಲರ್ ಆಗಿ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಫೆಬ್ರುವರಿ 23ರಂದು ಗ್ಯಾರೆತ್ ಹಿಟ್ಲರ್ ಮತ್ತು ಅವನ ಪ್ರಚಾರದ ಮುಖ್ಯಸ್ಥ ಗೊಬೆಲ್ಸ್ ಜೊತೆ ಅವರದೇ ವಿಮಾನದಲ್ಲಿ ಬರ್ಲಿನ್‌ನಿಂದ ಫ್ರಾಂಕ್‌ಫರ್ಟ್‌ಗೆ ಹಾರಿದ. ಈ ವಿಮಾನ ಬಿದ್ದರೆ ಯುರೋಪಿನ ಇತಿಹಾಸವೇ ಬದಲಾಗುತ್ತದೆ ಅಂತ ಅವತ್ತು ಬರೆದ. ಅವನಿಗಿನ್ನೂ 27 ವರ್ಷ. ಎದುರಿಗೆ ಕೂತವನು ಮುಂದೆ ಏನು ಮಾಡುತ್ತಾನೆ ಅಂತ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ.

ಅದಾಗಿ ಕೆಲವೇ ವಾರಗಳಲ್ಲಿ ಅವನು ಮಾಸ್ಕೋದಲ್ಲಿದ್ದ. ಉಕ್ರೇನಿನಲ್ಲಿ ಜನ ಹಸಿದು ಸಾಯುತ್ತಿದ್ದಾರೆ ಅನ್ನುವ ಮಾತು ಆಗಲೇ ಹರಡಿತ್ತು. ಮಾಸ್ಕೋದ ವಿದೇಶಿ ಪತ್ರಕರ್ತರು ತಮಗೆ ಬೇಕಾದ ಕಡೆಗೆಲ್ಲ ಹೋಗುವ ಹಾಗಿರಲಿಲ್ಲ. ಸುದ್ದಿ ಕಳಿಸುವುದಕ್ಕೂ ಸೆನ್ಸಾರ್ ಇತ್ತು. ವಿದೇಶಿ ಹಣಕ್ಕೆ ಮಾತ್ರ ಸಾಮಾನು ಕೊಡುವ ಅಂಗಡಿಯಲ್ಲಿ ಗ್ಯಾರೆತ್ ಬಿಳಿ ಬ್ರೆಡ್, ಬೆಣ್ಣೆ, ಚೀಸ್, ಮಾಂಸ, ಚಾಕಲೇಟ್ ಕೊಂಡು ಬೆನ್ನಿನ ಚೀಲಕ್ಕೆ ತುಂಬಿಕೊಂಡ. ಖಾರ್ಕಿವ್ ಕಡೆಯ ರೈಲು ಹತ್ತಿದ. ಆದರೆ ಖಾರ್ಕಿವ್ ಬರುವ ಮೊದಲೇ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಹಳಿಯ ಪಕ್ಕ ನಡೆದುಕೊಂಡು ಹಳ್ಳಿಗಳಿಗೆ ಹೊಕ್ಕ. ರೈತರ ಮನೆಗಳಲ್ಲೇ ಮಲಗಿದ. ಅವರ ಜೊತೆ ರಷ್ಯನ್ನಿನಲ್ಲಿ ಮಾತಾಡಿದ. ಕೇಳಿದ್ದನ್ನೆಲ್ಲ ಜೇಬಿನ ಸಣ್ಣ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ.

'ರೊಟ್ಟಿ ಇಲ್ಲ, ಸಾಯುತ್ತಿದ್ದೇವೆ.' ಹೋದ ಕಡೆಯಲ್ಲೆಲ್ಲ ಇದೇ ಕೂಗು ಅಂತ ಅವನು ಬರೆದ. ಒಂದು ಹಳ್ಳಿಯಲ್ಲಿ ಮೊದಲು 200 ಎತ್ತುಗಳಿದ್ದವು, ಈಗ ಆರು ಉಳಿದಿವೆ. ರೈಲಿನಲ್ಲಿ ಒಬ್ಬ ಕಮ್ಯುನಿಸ್ಟ್ ಪಕ್ಷದವನು, ಕ್ಷಾಮ ಗೀಮ ಏನೂ ಇಲ್ಲ ಅಂತ ವಾದ ಮಾಡಿದ. ಗ್ಯಾರೆತ್ ತಿನ್ನುತ್ತಿದ್ದ ಬ್ರೆಡ್ಡಿನ ತುಂಡನ್ನು ಉಗುಳುವ ಡಬ್ಬಿಗೆ ಎಸೆದ. ಪಕ್ಕದಲ್ಲಿದ್ದ ರೈತ ಅದನ್ನು ಎತ್ತಿಕೊಂಡು ಗಬಗಬ ತಿಂದ. ಕಿತ್ತಳೆ ಸಿಪ್ಪೆ ಎಸೆದ, ಅದನ್ನೂ ತಿಂದ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಮಳೆ ಹೋಗಿ ಬಂದ ಬರ ಅಲ್ಲ ಅದು. ಹೊಲ, ದನ ಎಲ್ಲವನ್ನೂ ಸಾಮೂಹಿಕ ಕೃಷಿಗೆ ಎಳೆದುಕೊಂಡಿದ್ದರು. ಸರ್ಕಾರ ಗೊತ್ತು ಮಾಡಿದಷ್ಟು ಧಾನ್ಯ ಕೊಡದ ಹಳ್ಳಿಗಳಿಗೆ ಶಿಕ್ಷೆ ಹಾಕಿದರು, ಮನೆಯಲ್ಲಿ ಉಳಿದಿದ್ದನ್ನೂ ಹುಡುಕಿ ಒಯ್ದರು. ಹಸಿದವರು ಊರು ಬಿಟ್ಟು ಹೋಗದಂತೆ 1933ರ ಜನವರಿಯಲ್ಲಿ ದಾರಿಗಳನ್ನೂ ಕಟ್ಟಿದರು. ಉಕ್ರೇನಿನಲ್ಲೇ ಸತ್ತವರು 35ರಿಂದ 40 ಲಕ್ಷ ಅಂತ ಇತಿಹಾಸಕಾರರ ಅಂದಾಜು.

ಮಾರ್ಚ್ 29ರಂದು ಗ್ಯಾರೆತ್ ಬರ್ಲಿನ್‌ನಲ್ಲಿ ಎಲ್ಲವನ್ನೂ ಪತ್ರಿಕೆಗಳ ಮುಂದೆ ಹೇಳಿದ, ತನ್ನ ಹೆಸರು ಹಾಕಿಯೇ ಹೇಳಿದ. ಎರಡೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿಯ ಉತ್ತರ ಬಂತು. ರಷ್ಯನ್ನರು ಹಸಿದಿದ್ದಾರೆ, ಆದರೆ ಹಸಿವಿನಿಂದ ಸಾಯುತ್ತಿಲ್ಲ ಅನ್ನುವುದು ಅದರ ತಲೆಬರಹ. ಡ್ಯುರಾಂಟಿ ಹಿಂದಿನ ವರ್ಷವಷ್ಟೇ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಪಡೆದ ದೊಡ್ಡ ಹೆಸರು. ಎದುರಿಗೆ ನಿಂತವನು 27ರ ಹುಡುಗ. ಜನ ಯಾರನ್ನು ನಂಬಿದರು ಅಂತ ನಾನು ಹೇಳಬೇಕಾ? ಗ್ಯಾರೆತ್ ಸುಮ್ಮನಾಗಲಿಲ್ಲ. ನಾನು ಬರೆದದ್ದಕ್ಕೆ ಬದ್ಧ ಅಂತ ಅದೇ ಪತ್ರಿಕೆಗೆ ಕಾಗದ ಬರೆದ. ಮೇ 13ರಂದು ಅದು ಅಚ್ಚಾಯಿತು. ಆದರೆ ಸೋವಿಯತ್ ದೇಶದ ಬಾಗಿಲು ಅವನಿಗೆ ಮುಚ್ಚಿತು.

ಈಗ ನಿನ್ನ ಫೋಟೋ ವಿಷಯಕ್ಕೆ ಬರುತ್ತೇನೆ.

ಇವತ್ತು ಗ್ಯಾರೆತ್ ಜೋನ್ಸ್ ಬಗ್ಗೆ ಬರೆದದ್ದು ಏನೇ ತೆಗೆದು ನೋಡು, ಪಕ್ಕದಲ್ಲಿ ಹಸಿವಿನ ಚಿತ್ರಗಳು ಇರುತ್ತವೆ. ಖಾರ್ಕಿವ್ ಬೀದಿ ಬದಿಯಲ್ಲಿ ಬಿದ್ದ ಮನುಷ್ಯ, ಅವನನ್ನು ನೋಡಿಯೂ ನೋಡದಂತೆ ದಾಟಿ ಹೋಗುವ ಜನ. ಗ್ಯಾರೆತ್ ತೆಗೆದ ಫೋಟೋ ಅಂತಲೇ ಎಷ್ಟೋ ಜನ ತಿಳಿದುಕೊಳ್ಳುತ್ತಾರೆ. ಅದನ್ನು ತೆಗೆದವನು ಅಲೆಕ್ಸಾಂಡರ್ ವೀನರ್‌ಬರ್ಗರ್. ಆಸ್ಟ್ರಿಯಾದ ಎಂಜಿನಿಯರ್. ಕೆಲಸದ ಮೇಲೆ ಖಾರ್ಕಿವ್‌ನಲ್ಲಿದ್ದ. ಲೈಕಾ ಕ್ಯಾಮೆರಾದಲ್ಲಿ ಕದ್ದು ಮುಚ್ಚಿ ತೆಗೆದ, ಆಸ್ಟ್ರಿಯಾದ ರಾಯಭಾರ ಕಚೇರಿಯ ಟಪಾಲಿನಲ್ಲಿ ದೇಶದಾಚೆ ಕಳಿಸಿದ. ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತೋ. ಆ ಚಿತ್ರಗಳು ವಿಯೆನ್ನಾದ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಇನಿಟ್ಸರ್ ಕೈ ಸೇರಿದವು. 1935ರಲ್ಲಿ ಒಂದು ಪುಸ್ತಕದಲ್ಲಿ ಅಚ್ಚಾದಾಗ ತೆಗೆದವನ ಹೆಸರು ಇರಲಿಲ್ಲ. ಅವನ ಜೀವದ ಚಿಂತೆ ಇತ್ತಲ್ಲ. ಅಲ್ಲಿಗೆ ನಿಜವಾದ ಚಿತ್ರಗಳಿಗೆ ಹೆಸರೇ ಇಲ್ಲದ ಹಾಗಾಯಿತು. ಹೆಸರು ಕೊಟ್ಟು ನಿಜ ಹೇಳಿದ ಗ್ಯಾರೆತ್ ಆ ಹಳ್ಳಿಗಳಿಂದ ತಂದದ್ದು ಪೆನ್ಸಿಲಿನ ಬರಹ.

ಈ ನಡುವೆ ಮೂರನೆಯವನೊಬ್ಬ ಬಂದ. ಅವನಿಗಾಗಿಯೇ ನಿನಗೆ ಈ ಕಾಗದ ಬರೆದದ್ದು.

1935ರ ಜನವರಿಯಲ್ಲಿ ಗ್ಯಾರೆತ್ ಅಮೆರಿಕದಲ್ಲಿದ್ದ. ಅಲ್ಲಿನ ದೊಡ್ಡ ಪತ್ರಿಕಾ ಮಾಲೀಕ ಹರ್ಸ್ಟ್ ಒಡೆತನದ ಪತ್ರಿಕೆಗಳಲ್ಲಿ ಕ್ಷಾಮದ ಬಗ್ಗೆ ಮತ್ತೆ ಬರೆದ. ಮರುತಿಂಗಳು ಅದೇ ಪತ್ರಿಕೆಗಳು ಥಾಮಸ್ ವಾಕರ್ ಎಂಬಾತನ ಲೇಖನಗಳನ್ನು ದೊಡ್ಡ ದೊಡ್ಡ ಫೋಟೋಗಳ ಜೊತೆ ಹಾಕಿದವು. ಉಕ್ರೇನಿಗೆ ಹೋಗಿ ನಾನೇ ತೆಗೆದದ್ದು ಅಂತ ಅವನು ಹೇಳಿದ್ದ. ಲೂಯಿಸ್ ಫಿಷರ್ ಎಂಬ ಪತ್ರಕರ್ತ ವಾಕರ್‌ನ ಪ್ರಯಾಣದ ದಿನಗಳನ್ನು ಕೂಡಿಸಿ ಕಳೆದು ನೋಡಿದ. ಸೋವಿಯತ್ ನೆಲದಲ್ಲಿ ಅವನು ಇದ್ದದ್ದೇ ಸ್ವಲ್ಪ ದಿನ. ಉಕ್ರೇನಿಗೆ ಹೋಗೋಕೆ ಸಮಯವೇ ಇರಲಿಲ್ಲ. ಒಂದೇ ಪ್ರವಾಸದ ಫೋಟೋಗಳಲ್ಲಿ ಚಳಿಗಾಲವೂ ಇತ್ತು, ಬೇಸಿಗೆಯೂ ಇತ್ತು. ಅವುಗಳಲ್ಲಿ ಎಷ್ಟೋ ಚಿತ್ರಗಳು ರಷ್ಯಾದ ವೋಲ್ಗಾ ನದಿಯ ಬಯಲಿನಲ್ಲಿ 1921–22ರಲ್ಲಿ ಆದ ಕ್ಷಾಮದವು. ಥಾಮಸ್ ವಾಕರ್ ಅನ್ನುವ ಹೆಸರೂ ಸುಳ್ಳು. ಅವನು ರಾಬರ್ಟ್ ಗ್ರೀನ್, ಜೈಲಿನಿಂದ ತಪ್ಪಿಸಿಕೊಂಡು ಬಂದವನು.

ಆಗ ಯಾರಾದರೂ 'ಹಸಿವು ಹಸಿವೇ ಅಲ್ವಾ' ಅಂದಿರಬಹುದು. ವೋಲ್ಗಾದ ಮಕ್ಕಳೂ ನಿಜವಾಗಿ ಹಸಿದವರೇ. ಉಕ್ರೇನಿನಲ್ಲಿ ಕ್ಷಾಮ ಆದದ್ದೂ ನಿಜವೇ. ಆದರೆ ಫೋಟೋ ಸುಳ್ಳು ಅಂತ ಬಯಲಾದ ದಿನದಿಂದ, ಕ್ಷಾಮವೇ ಆಗಿಲ್ಲ ಅನ್ನುವವರ ಕೈಗೆ ಒಂದು ಆಯುಧ ಸಿಕ್ಕಿತು. 50 ವರ್ಷ ಕಳೆದು 1980ರ ದಶಕದಲ್ಲೂ ಅದನ್ನೇ ಎತ್ತಿ ಹಿಡಿದು, ನೋಡಿ, ಎಲ್ಲ ಕಟ್ಟುಕತೆ ಅಂದವರಿದ್ದಾರೆ. ಡ್ಯುರಾಂಟಿ ಸುಳ್ಳು ಹೇಳಿ ಸತ್ತವರನ್ನು ಮುಚ್ಚಿಟ್ಟ. ವಾಕರ್ ನಿಜದ ಪರವಾಗಿ ಸುಳ್ಳು ಚಿತ್ರ ಕೊಟ್ಟು ಅವರನ್ನು ಇನ್ನೊಂದು ಸಲ ಹೂತ. ವೋಲ್ಗಾದ ಆ ಮಕ್ಕಳಿಗೂ ಅನ್ಯಾಯ ಆಯಿತು. ಅವರ ಸಾವನ್ನು ಬೇರೆಯವರ ಹೆಸರಿಗೆ ಬರೆದುಬಿಟ್ಟ. ನನಗೆ ಅವನ ಮೇಲೆ ಬರುವಷ್ಟು ಸಿಟ್ಟು ಡ್ಯುರಾಂಟಿಯ ಮೇಲೂ ಬರುವುದಿಲ್ಲ.

ಸರಿಯಾದ ಫೋಟೋಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1943ರಲ್ಲಿ ಬಂಗಾಳದ ಕ್ಷಾಮವನ್ನು ಬ್ರಿಟಿಷ್ ಸರ್ಕಾರ ಮುಚ್ಚಿಡಲು ನೋಡಿತು. ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಅದೇ ಊರಿನ ಬೀದಿಗಳಲ್ಲಿ ಹಸಿದು ಬಿದ್ದವರ ಫೋಟೋಗಳನ್ನು ಅಚ್ಚು ಹಾಕಿದ. ಆಮೇಲೆ ಇಲ್ಲ ಅನ್ನೋಕೆ ಯಾರಿಗೂ ಆಗಲಿಲ್ಲ. ಅಂಥ ಚಿತ್ರದ ಜಾಗದಲ್ಲಿ ಅವನು ಬೇರೆ ಕಾಲದ, ಬೇರೆ ಊರಿನ ಒಂದೇ ಒಂದು ಫೋಟೋ ಹಾಕಿದ್ದರೂ ಸರ್ಕಾರಕ್ಕೆ ಅಷ್ಟೇ ಸಾಕಾಗುತ್ತಿತ್ತು.

ಗ್ಯಾರೆತ್ ಮುಂದೇನಾದ ಅಂತ ಕೇಳುತ್ತೀಯ. ರಷ್ಯಾದಿಂದ ಬಂದ ಮೇಲೆ ಕಾರ್ಡಿಫ್‌ನ ವೆಸ್ಟರ್ನ್ ಮೇಲ್ ಪತ್ರಿಕೆಯಲ್ಲಿ ಕೆಲಸ ಮಾಡಿದ. ವೇಲ್ಸ್ ಹಳ್ಳಿಗಳ ಕುಶಲಕರ್ಮಿಗಳ ಬಗ್ಗೆ ಬರೆದ. 1934ರ ಕೊನೆಗೆ ಲೋಕ ಸುತ್ತಲು ಹೊರಟ. ಅಮೆರಿಕ, ಜಪಾನ್, ಆಮೇಲೆ ಚೀನಾ. ಒಳ ಮಂಗೋಲಿಯಾದಲ್ಲಿ ಜಪಾನಿನ ಸೈನ್ಯ ಏನು ಮಾಡುತ್ತಿದೆ ಅಂತ ನೋಡಲು ಹರ್ಬರ್ಟ್ ಮ್ಯುಲ್ಲರ್ ಎಂಬ ಜರ್ಮನ್ ಪತ್ರಕರ್ತನ ಜೊತೆ ಹೋದ. 1935ರ ಜುಲೈ ಕೊನೆಯಲ್ಲಿ ಡಕಾಯಿತರು ಇಬ್ಬರನ್ನೂ ಹಿಡಿದರು. ಮ್ಯುಲ್ಲರ್‌ನನ್ನು ಬಿಟ್ಟರು. ಗ್ಯಾರೆತ್‌ನನ್ನು ಆಗಸ್ಟ್ 12ರಂದು ಗುಂಡಿಕ್ಕಿ ಕೊಂದರು. ಮರುದಿನ ಅವನಿಗೆ 30 ತುಂಬುತ್ತಿತ್ತು. ಅವರಿಗೆ ಕಾರು ಕೊಟ್ಟಿದ್ದ ಕಂಪನಿಗೆ ಸೋವಿಯತ್ ಗುಪ್ತಚರರ ಜೊತೆ ನಂಟಿತ್ತು. ಅವನಿಗೆ ಬಹಳ ಗೊತ್ತಿತ್ತು, ಅದಕ್ಕೇ ಸತ್ತ ಅನ್ನುವ ಅರ್ಥದಲ್ಲಿ ಲಾಯ್ಡ್ ಜಾರ್ಜ್ ಮಾತಾಡಿದ. ಕೊಲ್ಲಿಸಿದ್ದು ಯಾರು ಅನ್ನುವುದು ಇವತ್ತಿಗೂ ಚರ್ಚೆಯಲ್ಲೇ ಇದೆ.

ನನ್ನ ಮನಸ್ಸು ಮಾತ್ರ ಬ್ಯಾರಿಯ ಆ ಮನೆಯಲ್ಲೇ ನಿಲ್ಲುತ್ತದೆ. ಅವನು ಎಲ್ಲಿಗೆ ಹೋದರೂ ಮನೆಗೆ ಕಾಗದ ಬರೆಯುತ್ತಿದ್ದ. ಮನೆಯವರು ಅವನ್ನು ಎಸೆಯಲಿಲ್ಲ. ಕಾಗದ, ನೋಟ್‌ಬುಕ್, ಫೋಟೋ ಎಲ್ಲವೂ ದಶಕಗಳ ಕಾಲ ಕುಟುಂಬದ ಬಳಿಯೇ ಉಳಿದವು. ಲೋಕ ಅವನನ್ನು ಪೂರ್ತಿ ಮರೆತಿತ್ತು. ಅವನ ಅಕ್ಕನ ಮಗಳು ಮಾರ್ಗರೆಟ್ ಸಿರಿಯೋಲ್ ಕಾಲೀ ವೃತ್ತಿಯಲ್ಲಿ ಡಾಕ್ಟರ್. ಆಕೆ ಅವನ್ನೆಲ್ಲ ತೆಗೆದು, ಓದಿ, ಮಗ ನೈಜಲ್ ಜೊತೆ ಸೇರಿ ಜನರ ಮುಂದಿಟ್ಟಳು. 2006ರಲ್ಲಿ ಅಬೆರಿಸ್ಟ್‌ವಿತ್‌ನಲ್ಲಿ ಅವನ ಹೆಸರಿನ ಫಲಕ ಹಾಕಿದರು. ವೆಲ್ಷ್, ಇಂಗ್ಲಿಷ್, ಉಕ್ರೇನಿಯನ್ ಮೂರು ಭಾಷೆಯಲ್ಲೂ ಬರೆದಿದೆ. ಪೆನ್ಸಿಲಿನ ಆ ನೋಟ್‌ಬುಕ್ಕುಗಳು ಈಗ ಅದೇ ಊರಿನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. 1933ರ ಬಗ್ಗೆ ಯಾರು ಬರೆಯುವುದಿದ್ದರೂ ಅಲ್ಲಿಗೆ ಬಂದೇ ಬರಬೇಕು.

ನೀನು ಡೆಸ್ಕಿನಲ್ಲಿ ಜಗಳ ಆಡು ಅಂತ ನಾನು ಹೇಳುತ್ತಿಲ್ಲ. ಹೊಸ ಕೆಲಸ, ನನಗೆ ಅರ್ಥ ಆಗುತ್ತೆ. ಆದರೆ ನಿನ್ನ ಕೈಯಲ್ಲಿ ಹಾದುಹೋಗುವ ಪ್ರತಿ ಫೋಟೋಗೂ ಕೇಳು. ಯಾರು ತೆಗೆದದ್ದು, ಯಾವ ಊರು, ಯಾವ ದಿನ. ಕಳಿಸಿದವರಿಗೆ ಫೋನ್ ಮಾಡು. ಫೋಟೋದಲ್ಲಿರುವವರ ಹೆಸರು ಸಿಕ್ಕಿದರೆ, ಅವರು ಒಪ್ಪಿದರೆ, ಅದನ್ನೂ ಬರೆದುಕೋ. ಯಾವುದಕ್ಕೂ ಉತ್ತರ ಸಿಗದಿದ್ದರೆ ಫೋಟೋ ಇಲ್ಲದೆಯೇ ಸುದ್ದಿ ಹೋಗಲಿ ಅಂತ ಮೆತ್ತಗೆ ಒಂದು ಮಾತು ಹೇಳಿ ನೋಡು. ಮೊದಲ ಸಲ ಕೇಳಲಿಕ್ಕಿಲ್ಲ. ಇನ್ನೊಂದು ಸಲ ಹೇಳು.

ಫೋಟೋ ತೆಗೆಯುವವರ ಹೆಸರು ಬಿಟ್ಟುಹೋಗುವ ವಿಷಯಕ್ಕೂ ನಿಮ್ಮಲ್ಲಿ ಏನು ಪದ್ಧತಿ ಇದೆ ಅಂತ ಬರೆ. ನನಗೆ ತಿಳಿದುಕೊಳ್ಳುವ ಆಸೆ. ದಸರೆಗೆ ರಜೆ ಸಿಗುತ್ತಾ ಅಂತಲೂ ಬೇಗ ಹೇಳು, ಅಪ್ಪ ಟಿಕೆಟ್ ಮಾಡಿಸಬೇಕು ಅಂತ ಕಾಯುತ್ತಿದ್ದಾರೆ.

ನಿನ್ನ
ಅಮ್ಮ